ಹೆಸರು ಹೇಳದೆ ಹುಡುಕುವುದು

ಮೊದಲು ಹೆಸರು ಹೇಳು, ಆಮೇಲೆ ಮಾತು ಎನ್ನುವವರನ್ನು ಕಂಡರೆ ನನಗೆ ಚಿಕ್ಕಂದಿನಿಂದಲೂ ಆಗುವುದಿಲ್ಲ. ರಾಯಚೂರಿನ ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವ ಕಿಟಕಿಯ ಮುಂದೆ ಅಮ್ಮಿ ನನ್ನನ್ನು ಮುಂದಕ್ಕೆ ತಳ್ಳುತ್ತಿದ್ದಳು. ಒಳಗಿನವರು "ಗಂಡನ ಹೆಸರು?" ಎಂದರೆ ಅವಳು ಬುರ್ಖಾದೊಳಗೆ ಕಲ್ಲಾಗಿ ನಿಲ್ಲುವಳು. ಅಬ್ಬಾನ ಹೆಸರನ್ನು ಕೂಗಿ ಹೇಳುವುದು ನನ್ನ ಕೆಲಸ. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವಳ ನಂಬಿಕೆ. ನಮ್ಮ ಮನೆಯಲ್ಲಿ ದಖನಿ, ಪಕ್ಕದ ಮನೆಯಲ್ಲಿ ಕನ್ನಡ. ಅವರದು ವಿಭೂತಿ, ನಮ್ಮದು ನಮಾಜು. ಆದರೆ ಇದೊಂದು ವಿಷಯದಲ್ಲಿ ಓಣಿಯ ಹೆಂಗಸರೆಲ್ಲ ಒಂದೇ ಮತದವರು.

ಆಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮಾರ್ಕೆಟ್ಟಿನಲ್ಲಿ ಬದನೆಕಾಯಿಯವನ ಬೆವರಿಳಿಸುವ ಅಮ್ಮಿಗೆ ಒಂದು ಹೆಸರು ಹೇಳಲು ಬರುವುದಿಲ್ಲವೇ ಎಂದು. ಅದಕ್ಕೇ ನಾನು ಮದುವೆಯಾದ ವಾರವೇ ಅಡುಗೆಮನೆಯಿಂದ ನನ್ನ ಗಂಡನನ್ನು ಹೆಸರು ಹಿಡಿದು ಕೂಗಿದೆ. ಅತ್ತೆ ಸೊಪ್ಪು ಬಿಡಿಸುವುದನ್ನು ಬಿಟ್ಟು ನನ್ನ ಮುಖ ನೋಡಿದರು. ಆ ಮನುಷ್ಯ ಇವತ್ತಿಗೂ ಗುಂಡುಕಲ್ಲಿನ ಹಾಗೆ ಇದ್ದಾನೆ, ಎರಡು ಹೊತ್ತು ರೊಟ್ಟಿ ತಿನ್ನುತ್ತಾನೆ.

ಇಷ್ಟೆಲ್ಲ ಹೇಳಿದ್ದು ದೇವದುರ್ಗದ ಆ ಖೋಲಿಯ ಸಲುವಾಗಿ. ಬಸ್ ಸ್ಟ್ಯಾಂಡಿನ ಹಿಂದೆ, ಮುಚ್ಚಿದ ಗೊಬ್ಬರದಂಗಡಿಯ ಮಾಳಿಗೆಯ ಮೇಲೆ ಒಂದು ಉದ್ದನೆಯ ಕೋಣೆ, ಅದೇ ಖೋಲಿ. ಅದರಲ್ಲಿ ಯಾವುದೋ ಕಚೇರಿಯವರು ಬೇಡವೆಂದು ಬಿಟ್ಟ ಹಳೆಯ ಕಂಪ್ಯೂಟರುಗಳು. ರಾಯಚೂರಿನ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ, ಪಾಂಪ್ಲೆಟ್ ಮಾಡಿ ಮಾಡಿ ಕಣ್ಣು ಸವೆಸಿಕೊಂಡ ನಾನು, ವಾರಕ್ಕೆ ಮೂರು ಮಧ್ಯಾಹ್ನ ಬಸ್ಸು ಹತ್ತಿ ಹೋಗಿ ಅಲ್ಲಿ ಹೆಂಗಸರಿಗೆ ಕಲಿಸುತ್ತಿದ್ದೆ. ಖೋಲಿ ಒಂದು ಟ್ರಸ್ಟಿನದು. ಟ್ರಸ್ಟಿನ ಅಧ್ಯಕ್ಷರು ಮಾನ್ವಿಯಲ್ಲಿ ರೈಸ್ ಮಿಲ್ ಇಟ್ಟವರು, ಸೋಮವಾರ ಉಪವಾಸ ಮಾಡುವ ಶಿವಭಕ್ತರು, ಕೆಟ್ಟವರಲ್ಲ. ಆದರೆ ಅವರ ಕಿವಿಗೆ ಬಾಗಿಲಿರಲಿಲ್ಲ, ಯಾರು ಬೇಕಾದರೂ ಹೊಕ್ಕು ಬರಬಹುದಿತ್ತು.

ಹಾಗೆ ಹೊಕ್ಕವನು ರಾಯಚೂರಿನ ಒಬ್ಬ ಕಂಪ್ಯೂಟರ್ ಅಂಗಡಿಯವನು. ಅವನಿಗೆ ದೇವದುರ್ಗದಲ್ಲಿ ಒಂದು ಬ್ರಾಂಚ್ ಬೇಕಿತ್ತು, ಬಸ್ ಸ್ಟ್ಯಾಂಡಿನ ಹತ್ತಿರದ ನಮ್ಮ ಖೋಲಿಯೇ ಬೇಕಿತ್ತು. ಒಂದು ದಿನ ಅಧ್ಯಕ್ಷರು ನನ್ನನ್ನು ಮಾನ್ವಿಗೆ ಕರೆಸಿದರು. ಮಿಲ್ಲಿನ ತೌಡಿನ ಧೂಳು ಅವರ ಮೇಜಿನ ಮೇಲೂ ಕೂತಿತ್ತು. ಆ ಧೂಳಿನ ನಡುವೆ ಒಂದು ಹಳೆಯ ಕೀಪ್ಯಾಡ್ ಫೋನನ್ನು ಮಾತ್ರ ಬಟ್ಟೆಯಲ್ಲಿ ಒರೆಸಿ, ಸತ್ತದ್ದಾದರೂ ಜೋಪಾನವಾಗಿ ಇಟ್ಟಿದ್ದರು. ಅಂಗಡಿಯವನು ಆಗಲೇ ಬಂದು ಎದುರಿಗೆ ಕೂತಿದ್ದ.

"ನೋಡ್ರಿ ಬಾಯಾರ," ಎಂದರು ಅಧ್ಯಕ್ಷರು, "ಇವರು ಹೇಳಾಕತ್ತಾರ, ಆ ಮಷೀನಿನ್ಯಾಗ ಸಾಫ್ಟ್‌ವೇರೇ ಇಲ್ಲಂತ. ಪುಕ್ಕಟೆ ಸಿಸ್ಟಮ್ಮಂತ. ಗುಜರಿಗೆ ಹಾಕೂನು ಅಂತಾರ."

"ಪುಕ್ಕಟೆ ಅಂದ್ರ ಕೆಟ್ಟದ್ದೇನ್ರಿ ಯಜಮಾನ್ರ? ಬಾವಿ ನೀರೂ ಪುಕ್ಕಟೇನ ಅದ," ಎಂದೆ.

ಅಂಗಡಿಯವನು ನಕ್ಕ. "ನಿಮ್ಮ ಹೆಣ್ಮಕ್ಕಳಿಗೆ ಒಂದು ಸಾಫ್ಟ್‌ವೇರಿನ ಹೆಸರರೆ ಬರ್ತದೇನು? ನಾನು ಹೋದ ತಿಂಗಳು ಒಂದು ಶೀಟ್ ಕೊಟ್ಟು ಬಂದೀನಿ. ಹೆಸರು ಬಾಯಿಪಾಠ ಮಾಡಸ್ರಿ ಅಂದೀನಿ. ಹೆಸರು ಗೊತ್ತಿಲ್ಲದಾಕಿ ಏನ್ ಹುಡುಕ್ತಾಳ, ಏನ್ ಹಾಕ್ತಾಳ?"

ಅಧ್ಯಕ್ಷರು ಅಂಗೈಯಿಂದ ಮೇಜು ಒರೆಸಿದರು. "ಮುಂದಿನ ವಾರ ನಾವಿಬ್ರೂ ದೇವದುರ್ಗಕ್ಕ ಬರ್ತೀವಿ. ಒಂದು ಕೆಲಸ ಹೇಳ್ತೀವಿ. ಮಾಡಿ ತೋರಿಸಿದ್ರ ಖೋಲಿ ನಿಮ್ದು. ಇಲ್ಲಂದ್ರ ಕೀಲಿ ಇವರಿಗೆ ಕೊಡ್ತೀನಿ."

"ಬರ್ರಿ," ಎಂದು ಎದ್ದೆ. ಚಹಾ ಬಂದಿತ್ತು, ಕುಡಿಯಲಿಲ್ಲ. ಮಾನ್ವಿಯ ಬಸ್ಸಿನಲ್ಲಿ ರಾಯಚೂರಿನವರೆಗೂ ಹಲ್ಲು ಕಡಿಯುತ್ತ ಬಂದೆ. ಆ ಖೋಲಿ ಹೋದರೆ ಆ ಹೆಂಗಸರಿಗೆ ಮನೆ, ಹೊಲ, ಮನೆ. ಮಧ್ಯದಲ್ಲಿ ಕೂತು ಉಸಿರು ಬಿಡಲು ಬೇರೆ ಜಾಗವೇ ಇರಲಿಲ್ಲ.

ಇಲ್ಲಿ ಆ ಸಿಸ್ಟಮ್ಮಿನ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮದು ಲಿನಕ್ಸ್. ಅದರಲ್ಲಿ ಸಾಫ್ಟ್‌ವೇರನ್ನು ಯಾವನ ಅಂಗಡಿಯಿಂದಲೂ ತರಬೇಕಾಗಿಲ್ಲ. ದೂರದಲ್ಲೆಲ್ಲೋ ಒಂದು ದೊಡ್ಡ ಗೋದಾಮಿದೆ. ಅದರಲ್ಲಿ ಏನೇನಿದೆ ಎಂಬ ಯಾದಿ ನಮ್ಮ ಕಂಪ್ಯೂಟರಿನೊಳಗೇ ಕೂತಿರುತ್ತದೆ. ಪ್ರತಿಯೊಂದು ಪ್ಯಾಕೇಜಿಗೂ ಒಂದು ಹೆಸರು, ಅದರ ಕೆಳಗೆ ಅದು ಏನು ಮಾಡುತ್ತದೆ ಎಂದು ಒಂದು ಸಾಲು. ಈ ಯಾದಿಯಲ್ಲಿ ಹುಡುಕಿ, ಗೋದಾಮಿನಿಂದ ತರಿಸಿ, ಜೋಡಿಸಿಕೊಡುವ ಕಾರಭಾರಿಗೆ ಪ್ಯಾಕೇಜ್ ಮ್ಯಾನೇಜರ್ ಎನ್ನುತ್ತಾರೆ. ಕಪ್ಪು ಪರದೆಯ ಮೇಲೆ ಆಪ್ಟ್ ಸರ್ಚ್ ಎಂದು ಬರೆದು, ಮುಂದೆ ಬೇಕಾದ್ದನ್ನು ಬರೆದರೆ ಆಯಿತು.

ಅಂಗಡಿಯವನ ಶೀಟಿನಲ್ಲಿ ಇದ್ದದ್ದು ಬರೀ ಹೆಸರುಗಳು. ಸಾಫ್ಟ್‌ವೇರ್ ಮಾಡುವವರು ಹೆಸರಿಡುವುದನ್ನು ನೋಡಬೇಕು. ಯಾವುದಕ್ಕೋ ಪ್ರಾಣಿಯ ಹೆಸರು, ಯಾವುದಕ್ಕೋ ಹಣ್ಣಿನದು, ಇನ್ನು ಕೆಲವಕ್ಕೆ ಹೆತ್ತವರಿಗೇ ಅರ್ಥವಾಗದ ನಾಲ್ಕು ಅಕ್ಷರ. ಹೆಸರಿಗೂ ಕೆಲಸಕ್ಕೂ ಸಂಬಂಧವೇ ಇಲ್ಲ. ನಮ್ಮ ಹೆಂಗಸರು ಹತ್ತನೆಯ ಇಯತ್ತೆ ಕಂಡವರು, ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದುವವರು. ಕೆಲಸದ ಪದಗಳನ್ನು, ಎಂದರೆ ಕತ್ತರಿಸು, ಜೋಡಿಸು, ನುಡಿಸು, ಬದಲಿಸು ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂಬುದನ್ನು, ನಾನು ಸೀಮೆಸುಣ್ಣದಲ್ಲಿ ಗೋಡೆ ತುಂಬ ಬರೆದಿದ್ದೆ. ಅವು ಅವರಿಗೆ ಬರುತ್ತಿದ್ದವು. ಶೀಟಿನ ಹೆಸರುಗಳು ಮಾತ್ರ ಒಂದೂ ನಿಲ್ಲಲಿಲ್ಲ.

ಆ ಗುಂಪಿನಲ್ಲಿ ಗಬ್ಬೂರಿನ ಒಬ್ಬಳು ಇದ್ದಳು. ತವರು ಮಾನ್ವಿ ಕಡೆಯ ಕುರ್ಡಿ. ಗಂಡ ಟ್ರ್ಯಾಕ್ಟರ್ ರಿಪೇರಿಯವನು. ನಾನು ಬರುವ ಬಸ್ಸನ್ನೇ ಗಬ್ಬೂರಿನಲ್ಲಿ ಹತ್ತಿ, ನನ್ನ ಪಕ್ಕದ ಸೀಟಿನಲ್ಲಿ ಕೂತು, ದೇವದುರ್ಗ ಬರುವವರೆಗೂ ಪ್ರಶ್ನೆ ಕೇಳುವಳು. ಎಲ್ಲರೂ ನನ್ನನ್ನು ಕರೆಯುವಂತೆ ಅವಳೂ ಆಪಾ, ಎಂದರೆ ಅಕ್ಕ, ಎನ್ನುತ್ತಿದ್ದಳು. ಮಾನ್ವಿಯಿಂದ ಬಂದ ಮರುದಿನ ನಾನು ಸಿಟ್ಟಿನಲ್ಲಿ ಅವಳನ್ನೇ ಮೊದಲು ಎಬ್ಬಿಸಿ ಕೇಳಿದೆ: ಧ್ವನಿ ಕತ್ತರಿಸುವ ಪ್ರೋಗ್ರಾಮಿನ ಹೆಸರೇನು?

"ಮರ್ತೀನ್ರಿ ಆಪಾ."

"ಮತ್ತ ಹೆಂಗ ಹುಡುಕ್ತಿ?"

ಅವಳು ಹೇಳಿದಳು: "ಹೆಸರ್ಯಾಕ ಬೇಕ್ರೀ? ನಮ್ಮ ಮನಿಯವರ ಹೆಸರು ಲಗ್ನ ಆದಾಗಿಂದ ನಾ ಬಾಯಿ ಬಿಟ್ಟು ಹೇಳಿಲ್ಲ. ಹಂಗಂತ ಅವರೇನು ಕಳದು ಹೋಗ್ಯಾರೇನು? ಸಂತ್ಯಾಗ ಎಲ್ಲಿ ಹೊಕ್ಕಿದ್ರೂ ಹುಡುಕಿ ಕರಕೊಂಡು ಬರ್ತೀನಿ."

ಖೋಲಿಯಲ್ಲಿ ಎಲ್ಲರೂ ಸೆರಗು ಬಾಯಿಗಿಟ್ಟು ನಕ್ಕರು. ನನಗೆ ನಗು ಬರಲಿಲ್ಲ. ಕೈಯಲ್ಲಿದ್ದ ಶೀಟನ್ನು ಮಡಚಿ, ಅಲುಗಾಡುತ್ತಿದ್ದ ಮೇಜಿನ ಕಾಲಿಗೆ ಕೊಟ್ಟೆ. "ಹೆಂಗ ಹುಡುಕ್ತಿ, ಈಗ ಹುಡುಕಿ ತೋರ್ಸು. ಇವರೆಲ್ಲ ಸಂತಿ ಮಂದಿ ಅಂತ ತಿಳಕೋ," ಎಂದೆ.

"ನಮ್ಮವರನ್ನ ಕಂಡೀರೇನ್ರಿ? ಊಟಕ್ಕ ಕುಂತ್ರ ಉಪ್ಪು ಕಮ್ಮಿ ಅಂತಾರ," ಎಂದಳು.

"ಹಂಗಂದ್ರ ಇಡೀ ದೇವದುರ್ಗ ತಾಲೂಕೇ ಎದ್ದು ಬರ್ತದ ತಂಗಿ," ಎಂದಳು ಹಿಂದಿನ ಬೆಂಚಿನ ಹಿರಿಯಳು. "ಇನ್ನೊಂದು ಮಾತು ಹೇಳು."

"ಟ್ರ್ಯಾಕ್ಟರ್ ರಿಪೇರಿ ಮಾಡ್ತಾರ."

"ಈಗ ಒಂದಿಷ್ಟು ಮಂದಿ ಉಳದ್ರು. ಮತ್ತ?"

"ಗಬ್ಬೂರಾಗ, ಬೇವಿನ ಗಿಡದ ಕೆಳಗ."

"ಸಿಕ್ಕ. ಕರಕೊಂಡು ಹೋಗವ್ವ ನಿನ್ನ ಗಂಡನ್ನ," ಎಂದಳು ಹಿರಿಯಳು.

ಪ್ಯಾಕೇಜ್ ಮ್ಯಾನೇಜರ್ ಮಾಡುವುದೂ ಇದನ್ನೇ. ಒಂದು ಮಾತು ಕೊಟ್ಟರೆ ಊರೆಲ್ಲ ಬರುತ್ತದೆ. ಎರಡು ಮಾತು ಕೊಟ್ಟರೆ ಎರಡೂ ಹೊಂದುವವರಷ್ಟೇ ಬರುತ್ತಾರೆ. ಮೂರನೆಯದಕ್ಕೆ ಬೇಕಾದದ್ದು ಕೈಗೆ ಸಿಗುತ್ತದೆ. ಅದು ಹೆಸರಿನಲ್ಲಷ್ಟೇ ಹುಡುಕುವುದಿಲ್ಲ, ಕೆಳಗಿನ ಸಾಲಿನಲ್ಲೂ ಹುಡುಕುತ್ತದೆ. ಹೆಸರಿನಲ್ಲಿ ಮಾತ್ರ ಹುಡುಕು ಎಂದು ಹೇಳುವ ದಾರಿಯೂ ಇದೆ, ಅದು ಅಂಗಡಿಯವನ ದಾರಿ. ನಮ್ಮ ಹೆಂಗಸರು ಮದುವೆಯಾದ ದಿನದಿಂದ ಅತ್ತೆ ಮಾವ ಗಂಡ ಭಾವ ಎಲ್ಲರನ್ನೂ ಹೆಸರು ಬಿಟ್ಟು ಕೆಲಸ, ಜಾಗ, ಗುಣ ಹಿಡಿದು ಹುಡುಕುವುದರಲ್ಲಿ ಪಳಗಿದವರು. ಜಗತ್ತಿನಲ್ಲಿ ಯಾರಿಗಾದರೂ ಈ ವಿದ್ಯೆ ಸಲೀಸಾಗಿ ಬರಬೇಕಾದರೆ ಇವರಿಗೇ ಬರಬೇಕು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳಲ್ಲ. ಅಮ್ಮಿಯ ಮೇಲೆ ಇಷ್ಟು ವರ್ಷ ಉರಿದುಕೊಂಡ ನನ್ನ ಕಣ್ಣಿಗೇ ಇದು ಬಿದ್ದಿರಲಿಲ್ಲ.

ಆ ವಾರವೆಲ್ಲ ಆಟವೇ ಪಾಠ. ಹೆಸರು ಹೇಳಿದವಳು ಸೋತಂತೆ. ಯಾವ ಸಾಮಾನು ಆಗಲೇ ಮನೆಯಲ್ಲಿದೆ ಎಂದು ನೋಡುವುದನ್ನು ಕಲಿಸಿದೆ, ಇದ್ದದ್ದನ್ನೇ ಮತ್ತೆ ತರಿಸುವುದು ದಂಡ. ಉಲ್ಟಾ ಹುಡುಕುವುದನ್ನೂ ಕಲಿಸಿದೆ. ಒಂದು ಪ್ಯಾಕೇಜಿನ ಮೇಲೆ ಇನ್ನು ಯಾರು ಯಾರು ಅವಲಂಬಿಸಿದ್ದಾರೆ ಎಂದು ಕೇಳಿದರೆ ಅದು ಹೇಳುತ್ತದೆ. ಹಾಲಿನವಳ ಮನೆ ಗೊತ್ತಿದ್ದರೆ ಅವಳು ಯಾರ ಯಾರ ಮನೆಗೆ ಹಾಲು ಹಾಕುತ್ತಾಳೆ ಎಂದು ಕೇಳುವುದಿಲ್ಲವೇ, ಹಾಗೆ. ಗಬ್ಬೂರಿನವಳು ಬಸ್ಸಿನಲ್ಲೂ ಬಿಡಲಿಲ್ಲ. ಕಂಡಕ್ಟರನನ್ನು ತೋರಿಸಿ ಇವನನ್ನು ಎಷ್ಟು ಮಾತಿನಲ್ಲಿ ಹುಡುಕಬಹುದು ಎಂದು ನನ್ನನ್ನೇ ಪರೀಕ್ಷೆ ಮಾಡಿದಳು.

ಅವರಿಬ್ಬರೂ ಹೇಳಿದ ದಿನವೇ ಬಂದರು. ಅಧ್ಯಕ್ಷರು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಕುರ್ಚಿಯಲ್ಲಿ ಕೂತರು. ಅಂಗಡಿಯವನು ನಿಂತೇ ಶುರು ಮಾಡಿದ: "ಯಾವ ಯಾವ ಸಾಫ್ಟ್‌ವೇರ್ ಬರ್ತಾವ? ಹೆಸರು ಹೇಳ್ರಿ, ಒಬ್ಬೊಬ್ರು."

ಯಾರೂ ಬಾಯಿ ಬಿಡಲಿಲ್ಲ. ಅವನು ಅಧ್ಯಕ್ಷರ ಕಡೆ ತಿರುಗಿ ಕೈ ಚೆಲ್ಲಿದ. "ನೋಡ್ರಿ ಯಜಮಾನ್ರ, ನಾ ಹೇಳಿದ್ನಿಲ್ಲೋ?"

"ಹೆಸರು ಕೇಳಾಕ ಬಂದೀರೋ, ಕೆಲಸ ನೋಡಾಕ ಬಂದೀರೋ?" ಎಂದೆ. "ಕೆಲಸ ಹೇಳ್ರಿ."

"ಹೇಳೂನು. ಆದ್ರ ಫೋನ್ ಮುಟ್ಟಂಗಿಲ್ಲ, ನೆಟ್ಟು ಸಾಮಾನು ತರಸಾಕಷ್ಟ, ಅದರಾಗ ಉತ್ತರ ನೋಡಂಗಿಲ್ಲ, ನೀವು ಬಾಯಿ ಹಾಕಂಗಿಲ್ಲ."

ಅಷ್ಟರಲ್ಲಿ ಅಧ್ಯಕ್ಷರು ಅಂಗಿಯ ಕಿಸೆಯಿಂದ ಒಂದು ಸಣ್ಣ ಡಬ್ಬಿ ತೆಗೆದರು. ಒಳಗೆ ಉಗುರಿನಷ್ಟಿದ್ದ ಮೆಮೊರಿ ಕಾರ್ಡು. ಮಿಲ್ಲಿನ ಮೇಜಿನ ಮೇಲಿದ್ದ ಆ ಸತ್ತ ಫೋನಿನದು.

"ಕೆಲಸ ನಾನೇ ಹೇಳ್ತೀನಿ," ಎಂದರು. "ಇದರಾಗ ನಮ್ಮವ್ವನ ದನಿ ಅದ. ನನ್ನ ತಂಗಿ ಮದುವ್ಯಾಗ ಹೆಣ್ಮಕ್ಕಳು ಬೆನ್ನು ಹತ್ತಿ ಅವ್ವನ ಕಡಿಂದ ಒಡಪು ಹೇಳಿಸಿದ್ರು. ನಾನು ಫೋನಿನ್ಯಾಗ ಹಿಡದಿದ್ದೆ. ಈಗಿನ ಯಾವ ಫೋನಿನ್ಯಾಗೂ ತೆರಿಯಂಗಿಲ್ಲ. ಇವರಿಗೂ ತೋರಿಸೀನಿ. ಫೈಲ್ ಕೆಟ್ಟದ, ಹೋತು ಅಂದ್ರು." ಅಂಗಡಿಯವನು ಕಿಟಕಿಯ ಕಡೆ ನೋಡಿದ. "ಅವ್ವ ಜೀವಮಾನದಾಗ ಅಪ್ಪನ ಹೆಸರು ಹೇಳಿದ್ದು ಅದೊಂದ ಸಲ. ಅಪ್ಪ ತೀರಿದ ಮ್ಯಾಲೂ ಹೇಳಲಿಲ್ಲ. ಈಗ ಆಕೀನೂ ಇಲ್ಲ."

ಒಡಪು ಎಂದರೆ ನಮ್ಮ ಕಡೆಯ ಹೆಂಗಸರು ಮದುವೆ, ಸೀಮಂತದಲ್ಲಿ ಹೇಳುವ ಪ್ರಾಸದ ಸಾಲು. ಅದರೊಳಗೆ ಮಾತ್ರ ಗಂಡನ ಹೆಸರು ಹೇಳಬಹುದು, ಅದಕ್ಕೆ ದೋಷವಿಲ್ಲ. ನಮ್ಮ ಮನೆಗಳಲ್ಲಿ ಈ ಪದ್ಧತಿ ಇಲ್ಲ, ಆದರೆ ಪಕ್ಕದ ಮನೆಯ ಮದುವೆಗಳಲ್ಲಿ ನಾನೂ ಬಾಗಿಲಿಗೆ ಅಡ್ಡ ನಿಂತು ಹೊಸ ಸೊಸೆಯರಿಂದ ಹೇಳಿಸಿದವಳೇ. ಖೋಲಿಯಲ್ಲಿ ಎಲ್ಲರಿಗೂ ಆ ಕಾರ್ಡಿನೊಳಗೆ ಏನಿದೆ ಎಂದು ಸರಿಯಾಗಿ ಅರ್ಥವಾಯಿತು.

ಗಬ್ಬೂರಿನವಳು ಎದ್ದು ಬಂದು ಕಾರ್ಡು ತೆಗೆದುಕೊಂಡು ಕಂಪ್ಯೂಟರಿಗೆ ಹಾಕಿದಳು. ಅವಳು ಫೈಲನ್ನು ಒತ್ತಿದಳು, ತೆರೆಯಲಿಲ್ಲ. ಫೈಲಿನ ಹೆಸರಿನ ಕೊನೆಯಲ್ಲಿ ಚುಕ್ಕೆಯ ಮುಂದೆ ಇದ್ದ ಮೂರು ಅಕ್ಷರ ನೋಡಿದಳು. ಹಳೆಯ ಕೀಪ್ಯಾಡ್ ಫೋನುಗಳು ಧ್ವನಿಯನ್ನು ಹಿಡಿದಿಡುತ್ತಿದ್ದ ಬಗೆ ಅದು. ಅವಳಿಗೆ ಅದು ಗೊತ್ತಿರಲಿಲ್ಲ, ನಾನು ಹೇಳುವಂತಿರಲಿಲ್ಲ. ಆ ಮೂರು ಅಕ್ಷರ ಕೊಟ್ಟು ಹುಡುಕಿದಳು. ಪರದೆ ತುಂಬಿ ಹರಿಯಿತು. ಬೇರೆ ಬೇರೆ ಪದಗಳ ಹೊಟ್ಟೆಯೊಳಗೆ ಆ ಅಕ್ಷರಗಳಿದ್ದವೂ ಸಾಲುಗಟ್ಟಿ ಬಂದಿದ್ದವು.

"ತಾಲೂಕು ಎದ್ದು ಬಂತಲ್ಲವ್ವಾ," ಎಂದಳು ಹಿಂದಿನ ಬೆಂಚಿನ ಹಿರಿಯಳು.

"ಇನ್ನೊಂದು ಮಾತು ಕೊಡ್ತೀನಿ ತಡೀರಿ," ಎಂದು ಗೋಡೆ ನೋಡಿದಳು. ಅಲ್ಲಿಂದ ಮಾತು, ನುಡಿ ಎಂಬುದಕ್ಕಿದ್ದ ಇಂಗ್ಲಿಷ್ ಪದ ಎತ್ತಿಕೊಂಡಳು. ಫೋನಿನಲ್ಲಿ ಹಿಡಿದದ್ದು ಹಾಡಲ್ಲವಲ್ಲ, ಮಾತು. ಈಗ ಬಂದದ್ದು ಬೆರಳೆಣಿಕೆಯಷ್ಟು. ಒಂದರ ಕೆಳಗಿನ ಸಾಲನ್ನು ಅಕ್ಷರ ಕೂಡಿಸಿ ಓದಿದಳು.

"ಇದು ಒಬ್ಬಂಟಿ ಕೆಲಸ ಮಾಡೋ ಅಂಥಾದ್ದಲ್ಲ. ಬ್ಯಾರೆದ್ದಕ್ಕ ಸಹಾಯಕ್ಕ ನಿಲ್ಲೋದು," ಎಂದು ತನಗೆ ತಾನೇ ಹೇಳಿಕೊಂಡಳು. "ಯಾರ ಮನಿಗೆ ಹಾಲು ಹಾಕ್ತದ, ಕೇಳೂನು."

ಉಲ್ಟಾ ಹುಡುಕಿದಳು. ಅದನ್ನು ಅವಲಂಬಿಸಿದವರು ಸಾಲಾಗಿ ಬಂದರು. ಆಮೇಲೆ ನಮ್ಮ ಮಷೀನಿನಲ್ಲಿ ಆಗಲೇ ಇದ್ದವನ್ನು ತೆರೆದು ನೋಡಿದಳು. ಹಾಡು ನುಡಿಸುವ ಪ್ರೋಗ್ರಾಮು ಇತ್ತು. ಅದರ ಜೊತೆಗೆ ಕೂಡುವಂಥದ್ದು ಆ ಸಾಲಿನಲ್ಲಿ ಒಂದು ಸಿಕ್ಕಿತು. ಅದನ್ನು ತರಿಸಲು ಹೇಳಿದಳು. ಖೋಲಿಯ ಇಂಟರ್ನೆಟ್ ಎಂದರೆ ನನ್ನ ಫೋನಿನದೇ. ಅದು ಎಳೆದು ಎಳೆದು ತರುತ್ತಿತ್ತು. ಕೆಳಗೆ ಯಾದಗಿರಿ ಬಸ್ಸಿನವನು ಕೂಗುತ್ತಿದ್ದ.

ಅವಳು ಮತ್ತೊಮ್ಮೆ ಫೈಲನ್ನು ಒತ್ತಿದಳು. ಮೊದಲು ಗಲಾಟೆ. ಪಾತ್ರೆಯ ಸಪ್ಪಳ, ಹೆಂಗಸರ ನಗು, ಯಾರೋ "ಹೇಳಬೇ, ಹೇಳು, ಬಾಗಿಲು ಬಿಡಂಗಿಲ್ಲ" ಎನ್ನುವುದು. ಆಮೇಲೆ ಒಂದು ಒರಟು ದನಿ, ನಾಚಿಕೆಯಲ್ಲಿ ಅರ್ಧ ನುಂಗಿ ಹೇಳಿತು:

"ಹಿತ್ತಲದಾಗ ನುಗ್ಗಿ ಗಿಡ, ಗಿಡದ ತುಂಬ ಹೂವ,
ಅವರು ಬಾಗಿಲಕ ಬಂದ್ರಂದ್ರ ಮರೀತೀನಿ ನೋವ."

ಅದರ ಹಿಂದೆಯೇ ಆ ಹೆಸರು ಬಂತು, ಸ್ಪಷ್ಟವಾಗಿ. ಮತ್ತೆ ನಗುವಿನ ಗದ್ದಲ, ಅಲ್ಲಿಗೆ ಮುಗಿಯಿತು.

ಅಧ್ಯಕ್ಷರು ತಲೆ ತಗ್ಗಿಸಿ ಕೂತಿದ್ದರು. "ಇನ್ನೊಮ್ಮಿ ಹಚ್ಚವ್ವಾ," ಎಂದರು. ಅವಳು ಹಚ್ಚಿದಳು. ಮೂರನೆಯ ಸಲ ಅವರು ಕೇಳಲಿಲ್ಲ, ಅವಳೇ ಹಚ್ಚಿದಳು. ನನಗೆ ಅಳು ಬಂತು, ಅದನ್ನು ಯಾಕೆ ಮುಚ್ಚಿಡಲಿ.

ಅಂಗಡಿಯವನು ಆಗಲೂ ಸೋಲು ಒಪ್ಪಲಿಲ್ಲ. "ಯಾವ ಸಾಫ್ಟ್‌ವೇರ್ ಹಾಕಿದಿ? ಹೆಸರು ಹೇಳು ನೋಡೂನು."

"ಪರದಿ ಮ್ಯಾಲ ಅದ, ಓದಿಕೊಳ್ರಿ," ಎಂದಳು, ತಿರುಗಿ ನೋಡದೆ.

ಅಧ್ಯಕ್ಷರು ಮೂಗು ಒರೆಸಿಕೊಂಡು ಕಿಸೆಯಿಂದ ಕೀಲಿ ತೆಗೆದರು. ಅದು ಟ್ರಸ್ಟಿನ ಕಡೆಯ ಕೀಲಿ, ಅಂಗಡಿಯವನಿಗೆ ಕೊಡಲೆಂದೇ ತಂದದ್ದು. "ಖೋಲಿ ನಿಮ್ದೇ. ನಿಮ್ಮ ಟೀಚರ್ ರಾಯಚೂರಿನವರು, ಕೀಲಿ ಈ ಕಡಿಯವರ ಹತ್ರ ಇರ್ಲಿ. ತಂಗಿ, ನೀ ಇಟಗೋ. ಟ್ರಸ್ಟಿನ್ಯಾಗ ಬರಸಬೇಕು, ಯಾರ ಹೆಸರು ಬರಸ್ಲಿ? ಯಾರ ಮನಿಯಾಕಿ ನೀ?"

ಅವರು ಪ್ರೀತಿಯಿಂದಲೇ ಕೇಳಿದರು. ಹೆಂಗಸಿನ ಹೆಸರು ಕೇಳುವ ರೂಢಿ ಅವರಿಗೆ ಇರಲಿಲ್ಲ, ಅಷ್ಟೇ. ನನ್ನ ನಾಲಿಗೆಯ ತುದಿಗೆ ಬೈಗಳು ಬಂದಿತ್ತು. ಅಷ್ಟರಲ್ಲಿ ಅವಳು ಕುರ್ಚಿಯಿಂದ ಎದ್ದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಒಡಪಿನ್ಯಾಗ ಹೇಳ್ಲೇನ್ರಿ?" ಎಂದಳು.

ಹಿಂದಿನ ಬೆಂಚಿನವರು ಆಗಲೇ ಕಿಸಕ್ಕೆಂದರು. ಟ್ರ್ಯಾಕ್ಟರಿನವನ ಹೆಸರು ಇವತ್ತಾದರೂ ಕೇಳುತ್ತದೆ ಎಂದು ಅವರ ಆಸೆ. ಅಧ್ಯಕ್ಷರೂ ನಗುತ್ತ ತಲೆಯಾಡಿಸಿದರು.

"ಗ್ವಾಡಿ ಮ್ಯಾಲಿನ ಗಡಿಯಾರ ಹೊಡದದ ಮೂರು,
ಹುಡುಕಿ ಕೊಟ್ಟಾಕಿ ಹೆಸರು ಹೇಳ್ತೀನಿ, ಕೇಳ್ರಿ ಎಲ್ಲಾರು."

ಆಮೇಲೆ ಹೇಳಿದಳು. ಅದು ಗಂಡನ ಹೆಸರಲ್ಲ. ಅವಳದೇ, ಕುರ್ಡಿಯಲ್ಲಿ ಅವ್ವ ಅಪ್ಪ ತೊಟ್ಟಿಲಲ್ಲಿ ಇಟ್ಟಿದ್ದು. ಅದರ ಹಿಂದೆ ಯಾರ ಹೆಸರೂ ಇರಲಿಲ್ಲ. ಅಧ್ಯಕ್ಷರು ಅವಳ ಮುಖವನ್ನೇ ನೋಡಿ, ಆ ಹೆಸರನ್ನು ಒಮ್ಮೆ ತಮ್ಮ ಬಾಯಲ್ಲಿ ಹೇಳಿ ನೋಡಿಕೊಂಡು, "ಹಂಗ ಆಗ್ಲಿ, ಅದನ್ನ ಬರಸ್ತೀನಿ," ಎಂದು ಕೀಲಿಯನ್ನು ಅವಳ ಕೈಗೆ ಕೊಟ್ಟರು.

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದನ್ನು ಹೇಳುವ ಹಕ್ಕು ಅವಳದು, ಯಾವಾಗ ಯಾರ ಮುಂದೆ ಹೇಳಬೇಕೆಂದು ಅವಳಿಗೆ ಗೊತ್ತಿದೆ. ಬೇಕಾದವರು ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಅವಳು ಮಾಡುವ ಕೆಲಸ ಹೇಳಿ ಕೇಳಲಿ. ಮಾಳಿಗೆಯ ಮೇಲೆ ಸಿಗುತ್ತಾಳೆ.